ಗಂಡನ ಹೆಸರು

"ಸೂಳೇಮಗನ, ನಿನ್ನ ಹೆಸರೇ ನಿನಗ ನೆನಪಿಲ್ಲ, ಗಡಿ ಹ್ಯಾಂಗ ನೆನಪಿರತದಲೇ?"

ಕಲಬುರಗಿಯ ಕಚೇರಿಯಲ್ಲಿ, ತಹಸೀಲ್ದಾರರ ಎದುರಿಗೇ, ಕಮಲಾಪುರದ ಪಾಟೀಲ ಅಣವೀರಪ್ಪ ಹಲ್ಲು ಕಿಸಿದ. ಪಡಸಾಲೆ ಹತ್ತುವ ಹಕ್ಕಿಲ್ಲದ ಕುಳವಾಡಿ ಮುದುಕ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕುಳಿತು ತನ್ನ ಅಂಗೈ ನೋಡಿಕೊಂಡ.

ಹೊಲಗೇರಿಯ ಇನಾಮು ಹೊಲದ ಗಡಿಕಲ್ಲು ಕಿತ್ತು, ಪಾಟೀಲ ಹೊಲವನ್ನೇ ನುಂಗಿದ್ದ. ಊರಿನ ಗಡಿಕಲ್ಲು ನೆಡುವವನು ಕುಳವಾಡಿ. ತಕರಾರು ಬಂದರೆ ಅವನು ಹೇಳಿದ್ದೇ ಗಡಿ. ಮುಟ್ಟಿದರೆ ಮೈಲಿಗೆ, ನಾಲಿಗೆ ಮಾತ್ರ ಬೇಕು! ಆ ನಾಲಿಗೆಗೇ ಪಾಟೀಲ ಕೈಹಾಕಿದ. ಆರು ತಿಂಗಳು ದಿನಾ ಚಾವಡಿಗೆ ಕರೆಸಿ "ಗಡಿ ಎಲ್ಲಿ ಅದಲೇ?" ಎಂದು ಕೇಳಿದ, ಹೇಳಿದಾಗಲೆಲ್ಲ ಕೆರದಿಂದ ಬಾರಿಸಿ "ತಪ್ಪು, ಮತ್ತ ಹೇಳು" ಎಂದ. ಮೊದಲು ಮುದುಕನ ನಿದ್ದೆ ಹೋಯಿತು. ಆಮೇಲೆ ವಾರ ಮರೆತ, ಮಕ್ಕಳ ಹೆಸರು ಮರೆತ. ಅರವತ್ತಕ್ಕೆ ಅರಳು ಮರಳು ಎಂದು ಊರು ನಕ್ಕಿತು. ಹೆಂಡತಿ ತುಳಜಾಬಾಯಿಗೆ ಗೊತ್ತಿತ್ತು: ಬುದ್ಧಿ ತಾನಾಗಿ ಹೋಗಿಲ್ಲ, ಈ ನಾಯಿಗಳು ತಿಂದು ಹಾಕಿವೆ.

ತಹಸೀಲ್ದಾರರು ಆಕಳಿಸಿ, ಅಂಗಳದಲ್ಲಿ ಗಂಡನ ಪಕ್ಕ ನಿಂತಿದ್ದ ತುಳಜಾಬಾಯಿಯತ್ತ ತಿರುಗಿದರು. "ನಾಮ್ ನಹೀ ತೋ ಗವಾಹಿ ನಹೀ. ಹೆಸರಿಲ್ಲಂದ್ರ ಸಾಕ್ಷಿ ನಡೆಯಂಗಿಲ್ಲ. ಏ ಬುಡ್ಢಿ, ನೀನರೇ ಹೇಳು, ಏನ್ ಹೆಸರು ಇವನ್ದು?"

ಪಾಟೀಲ ಬಿದ್ದು ಬಿದ್ದು ನಕ್ಕ. "ಆಕಿ ಏನ್ ಹೇಳ್ತಾಳ್ರಿ ಹುಜೂರ್? ಗಂಡನ ಹೆಸರ ಬಾಯಾಗ ತಂದ್ರ ಅವನ ಆಯುಷ್ಯ ಸುಡತದಲ್ಲ!"

ಅದು ಸುಳ್ಳಲ್ಲ. ನಲವತ್ತು ವರ್ಷ ಆಕೆ 'ಇಲ್ಲಿ ಕೇಳ್ರಿ' ಎಂದೇ ಬಾಳಿದವಳು. ಊರು ಅವನನ್ನು 'ಲೇ ಹೊಲ್ಯಾ' ಎಂದೇ ಕರೆದಿತ್ತು. ಮತ್ತೆ ಆ ಹೆಸರನ್ನು ಯಾರು ನೆನಪಿಡಬೇಕಿತ್ತು? ಆಯುಷ್ಯವಂತೆ! ಈ ಹಂದಿ ಉಳಿಸಿದ ಆಯುಷ್ಯವೆಷ್ಟು? ತುಳಜಾಬಾಯಿ ಸೆರಗು ನಡುವಿಗೆ ಬಿಗಿದಳು.

"ಜಟ್ಟೆಪ್ಪ!"

ಕಚೇರಿಯೆಲ್ಲ ತಿರುಗಿ ನೋಡಿತು.

"ಏ ಜಟ್ಟೆಪ್ಪ! ಏಳೋ!"

ಅವ್ವ ಸತ್ತ ಮೇಲೆ ಅವನನ್ನು ಯಾರೂ ಹಾಗೆ ಕರೆದಿರಲಿಲ್ಲ. ಮುದುಕ ತಲೆ ಎತ್ತಿದ. "ಓ, ಬಂದೆ," ಎಂದು ಎದ್ದು ನಿಂತ.

"ಗಡಿ ಎಲ್ಲಿ ಅದ?" ತುಳಜಾಬಾಯಿಯೇ ಕೇಳಿದಳು.

"ಕಲ್ಲ ಕಿತ್ತಾರ ಬಾಡ್ಯಾಗೋಳು. ಕಲ್ಲಿನ ಬುಡಕ ನಾ ಹೂತ ಇದ್ದಲಿ ಕಿತ್ತಿಲ್ಲ. ಇದ್ದಲಿ ಕೊಳೆಯಂಗಿಲ್ಲ. ನಡೀರಿ, ಅಗದು ತೋರಸ್ತೀನಿ."

ಹುಕುಮಿಗೂ ಕಾಯದೆ ಜಟ್ಟೆಪ್ಪ ಕಮಲಾಪುರದ ದಾರಿ ಹಿಡಿದ. ತಹಸೀಲ್ದಾರರು ಟಾಂಗಾ ತರಲು ಹೇಳಿದರು. ಅಣವೀರಪ್ಪ ಗಡಬಡಿಸಿ ಮೆಟ್ಟಿಲಿಳಿದು, ಬಿಟ್ಟ ಜಾಗದಲ್ಲಿ ಕೆರ ಹುಡುಕಿದ. ಅವನ್ನು ತುಳಜಾಬಾಯಿ ಆಗಲೇ ಮೋರಿಗೆ ಒದ್ದಿದ್ದಳು.