ಕೂತಲ್ಲೇ ನಲವತ್ತು ಸಾವಿರ ಹೆಜ್ಜೆ

೧
ಈ ಕತೆಯನ್ನು ಎಲ್ಲಿಂದ ಶುರುಮಾಡುವುದು? ಟೈಲರ್‌ನ ಎದೆಯಿಂದಲೋ, ಕಾಲಿನಿಂದಲೋ? ಎದೆಯಿಂದ ಅಂದರೆ ನೀವು ಮೊದಲ ಸಾಲಿಗೇ ಮುಖ ಸಪ್ಪೆ ಮಾಡಿಕೊಳ್ಳುತ್ತೀರಿ. ಕಾಲಿನಿಂದಲೇ ಆಗಲಿ. (ಎದೆ ಹೇಗೂ ಬಂದೇ ಬರುತ್ತದೆ.)

ಟೈಲರ್‌ನ ಬಲ ಕಣಕಾಲಿಗೆ ಸ್ಮಾರ್ಟ್‌ಫೋನು ಕಟ್ಟಿದೆ. ಲಂಗದ ಸೊಂಟಕ್ಕೆ ಹಾಕುವ ಎರಡಿಂಚಿನ ಎಲಾಸ್ಟಿಕ್ಕಿನಿಂದ, ಬಿಗಿಯಾಗಿ. ಕಾಲು ಹೊಲಿಗೆ ಮೆಷಿನ್ನಿನ ಪೆಡಲು ತುಳಿಯುತ್ತಿದೆ. ಫೋನು ಹೆಜ್ಜೆ ಎಣಿಸುತ್ತಿದೆ.

೨
ಕಾರಣ ಬೇಕಲ್ಲ? ಎರಡು ತಿಂಗಳ ಹಿಂದೆ ಕಾಲರ್ ಕೂರಿಸುತ್ತಿದ್ದವನಿಗೆ ಎದೆ ಹಿಡಿದುಕೊಂಡಿತು. (ನೋಡಿ, ಬಂತು.) ಡಾಕ್ಟರು ಮಾತ್ರೆ ಬರೆದರು, ಫೋನಿಗೊಂದು ಆ್ಯಪ್ ಹಾಕಿಸಿದರು, ದಿನಕ್ಕೆ ಎಂಟು ಸಾವಿರ ಹೆಜ್ಜೆ ಎಂದರು. ಅಂಗಡಿಯಲ್ಲೋ ಒಂದು ಶಾಲೆಯ ಇನ್ನೂರು ಯೂನಿಫಾರ್ಮು ಕಾದಿದ್ದವು. ನಡೆಯುವುದು ಯಾವಾಗ?

"ಮೋಸ ಅಂತ ಮಾತ್ರ ಬರೀಬೇಡಿ," ಎಂದು ಟೈಲರ್ ನನ್ನ ಮೇಲೆ ರೇಗಿದ. "ಕಾಲು ನಂದು, ಬೆವರು ನಂದು. ಬೆಳಿಗ್ಗೆಯಿಂದ ಕುರ್ಚಿಗೆ ಅಂಟ್ಕೊಂಡು ಬರೀತಿದ್ದೀರಲ್ಲ, ನಿಮ್ಮದೆಷ್ಟು ಹೆಜ್ಜೆ?"

(ಇನ್ನೂರ ಹನ್ನೊಂದು. ಫೋನು ಹುಡುಕುತ್ತಾ ಓಡಾಡಿದ್ದು ಅದರಲ್ಲಿ ಸೇರಿಲ್ಲ. ಅನ್ಯಾಯ.)

೪
ಮೂರನ್ನು ಹರಿದುಹಾಕಿದೆ. ಅದರಲ್ಲಿ ಆ್ಯಪೇ ಕತೆ ಹೇಳುತ್ತಿತ್ತು, ನನಗಿಂತ ಚೆನ್ನಾಗಿ.

ಮೊದಲ ದಿನವೇ ನಲವತ್ತು ಸಾವಿರ. ಆ್ಯಪು ಪದಕ ಕೊಟ್ಟಿತು. ತಿಂಗಳು ತುಂಬುವಷ್ಟರಲ್ಲಿ, "ಅಭಿನಂದನೆ! ನೀವು ಮರುಭೂಮಿ ದಾಟಿದ್ದೀರಿ. ನೀರು ಕುಡಿಯಿರಿ," ಎಂದಿತು. ಚಡ್ಡಿಗೆ ಜೇಬು ಕೂರಿಸುತ್ತಿದ್ದವನು ಒಂದು ಲೋಟ ಕುಡಿದ.

ಅಂಕಿ ನೋಡಿ ಡಾಕ್ಟರು ಕುರ್ಚಿ ಬಿಟ್ಟೆದ್ದರು. "ಏನ್ರೀ ಇದು! ನಾನೂ ಇಷ್ಟು ನಡೆಯಲ್ಲ. ಸೋಮವಾರದಿಂದ ಮಾತ್ರೆ ಅರ್ಧ ಮಾಡೋಣ."

ನಗು ಇಲ್ಲಿಗೆ ಸಾಕು. ಮಾತ್ರೆ ಅರ್ಧವಾದರೆ ಅವನ ಎದೆ ತಡೆಯುತ್ತದೋ ಇಲ್ಲವೋ, ನನಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ಅವನಿಗೆ ಭಯವಾಯಿತು. ಹೇಳಿಬಿಡೋಣವೆಂದು ಬಾಯಿ ತೆರೆದ. ಅಷ್ಟರಲ್ಲಿ ಡಾಕ್ಟರು ಅವನ ಹೆಗಲ ಮೇಲೆ ಕೈಹಾಕಿ ಸೆಲ್ಫಿ ತೆಗೆದುಬಿಟ್ಟರು.

೫ (ಮುಕ್ತಾಯ)
ಮಂಗಳವಾರ ಅವನು ಮೆಷಿನ್ನಿನ ಮೇಲೆ ತಲೆಯಿಟ್ಟು ಸಾಯುತ್ತಾನೆ. ಫೋನು ಅಭಿನಂದಿಸುತ್ತದೆ.

"ಥೂ!" ಎಂದ ಟೈಲರ್. "ಉಳಿದ ಯೂನಿಫಾರ್ಮು ಯಾರು ಮುಗಿಸ್ತಾರೆ, ನೀವಾ?"

ನನಗೆ ಒಂದು ಗುಂಡಿ ಹಾಕಲೂ ಬರುವುದಿಲ್ಲ. ಆ ಮುಕ್ತಾಯವನ್ನು ಹೊಡೆದುಹಾಕಿದೆ.

೫ (ಇನ್ನೊಂದು ಮುಕ್ತಾಯ)
ಡಾಕ್ಟರೂ ತಮ್ಮ ಫೋನನ್ನು ನಾಯಿಯ ಕೊರಳಿಗೆ ಕಟ್ಟಿದ್ದರೆಂದು ಬಯಲಾಗುತ್ತದೆ. (ಚೆನ್ನಾಗಿತ್ತು. ಆದರೆ ಟೈಲರ್‌ನ ಎದೆಗೆ ಇದರಿಂದ ಮೂರು ಕಾಸಿನ ಪ್ರಯೋಜನವಿಲ್ಲ.)

೬
ಭಾನುವಾರ ಸಂಜೆ ಅಂಗಡಿಗೆ ಅವನ ಹೆಂಡತಿ ಬಂದಳು. ನಾನು ಕರೆದಿರಲಿಲ್ಲ. ಅವನ ಹೆಜ್ಜೆಗಳೆಲ್ಲ ಅವಳ ಫೋನಿನಲ್ಲೂ ಕಾಣುವಂತೆ ಡಾಕ್ಟರು ಮಾಡಿಟ್ಟಿದ್ದರು.

"ಮರುಭೂಮಿ ದಾಟಿದ್ರಂತೆ," ಎಂದಳು. "ಇಪ್ಪತ್ತಾರು ವರ್ಷ ಆಯ್ತು ಮದುವೆಯಾಗಿ. ಬೀದಿ ಕೊನೆವರೆಗೂ ನನ್ನ ಜೊತೆ ಬಂದೋರಲ್ಲ ನೀವು. ಈಗ ಅಷ್ಟು ದೂರ ಒಬ್ಬರೇ ಹೋಗ್ತೀರಿ. ಬರ್ತೀಯಾ ಅಂತ ಒಂದು ಮಾತು ಕೇಳ್ಬಾರದಾ?"

ಅವಳ ಕಣ್ಣು ತುಂಬಿತ್ತು. ಅವನು ಪ್ಯಾಂಟಿನ ಕಾಲು ಮೇಲೆತ್ತಿ ತೋರಿಸಿದ.

ಎಲಾಸ್ಟಿಕ್ಕು ನೋಡಿ ಅವಳು ಬಿದ್ದು ಬಿದ್ದು ನಗುತ್ತಾಳೆಂದು ನಾನು ಬರೆದಿಟ್ಟಿದ್ದೆ. ಅವಳು ನಗಲಿಲ್ಲ.

"ಮಾತ್ರೆ?"

"ನಾಳೆಯಿಂದ ಅರ್ಧ."

"ಏಳಿ ಮೇಲೆ. ಡಾಕ್ಟರ ಮನೆಗೆ ನಡ್ಕೊಂಡೇ ಹೋಗೋಣ. ನಿಮ್ಮ ಬಾಯಲ್ಲೇ ಹೇಳ್ಬೇಕು."

ಅವನು ಫೋನು ಬಿಚ್ಚಿ ಮೆಷಿನ್ನಿನ ಮೇಲಿಟ್ಟ. ಕಣಕಾಲಿನಲ್ಲಿ ಎರಡಿಂಚು ಅಗಲದ ಗುರುತು ಬಿದ್ದಿತ್ತು. ಅವಳು ತನ್ನ ಫೋನನ್ನೂ ಅದರ ಪಕ್ಕದಲ್ಲೇ ಇಟ್ಟು ಅವನ ಕೈ ಹಿಡಿದುಕೊಂಡಳು.

೭
ಮುಂದೇನು ಅನ್ನುತ್ತೀರಾ? ನನ್ನನ್ನು ಕೇಳಿದರೆ? ಇಷ್ಟು ಹೊತ್ತು ಅವನು ಎಲ್ಲಿದ್ದಾನೆಂದು ನನಗೆ ಹೇಳುತ್ತಿದ್ದದ್ದೇ ಆ ಫೋನು. ಡಾಕ್ಟರ ಮನೆ ಮುಟ್ಟಿದರೋ, ದಾರಿಯಲ್ಲಿ ಏದುಸಿರು ಬಂದು ಯಾರದೋ ಮೆಟ್ಟಿಲ ಮೇಲೆ ಕೂತರೋ, ಕೂತವನು ಎದ್ದನೋ, ದೇವರಾಣೆ ನನಗೆ ತಿಳಿಯದು. ಅಂಗಡಿಯಲ್ಲಿ ಎರಡು ಫೋನುಗಳು, "ಬಹಳ ಹೊತ್ತಿನಿಂದ ಅಲ್ಲಾಡಿಲ್ಲ, ಏಳಿ!" ಎಂದು ಒಂದನ್ನೊಂದು ಗದರಿಸುತ್ತಿವೆ. ಮೇಜಿನ ಮೇಲೆ ನನ್ನದೂ ಗದರಿಸುತ್ತಿದೆ.

ಅದನ್ನು ಇಲ್ಲೇ ಬಿಟ್ಟು ಅವರನ್ನು ಹುಡುಕಲು ಹೊರಟಿದ್ದೇನೆ. ಕೈಹಿಡಿದು ನಿಧಾನವಾಗಿ ನಡೆಯುವ ಇಬ್ಬರು ನಿಮಗೇ ಮೊದಲು ಸಿಕ್ಕರೆ, ದಯವಿಟ್ಟು ಎಷ್ಟು ಹೆಜ್ಜೆಯಾಯಿತೆಂದು ಮಾತ್ರ ಕೇಳಬೇಡಿ.