ಸಿಪ್ಪಿ ಸುಲಿದ ಮ್ಯಾಲೆ

“ತಗಿ ಕೈ, ಬೋಸಡೀ! ಯಾರನ್ನ ಕೇಳಿ ಬೋಗಾಣ್ಯಾಗ ಕೈ ಹಾಕಿದಿ?”

ಸಾವ್ಕಾರ ಲಗಮಣ್ಣನ ಅಬ್ಬರಕ್ಕೆ ಭಾಗ್ಯಾಳ ಕೈಯಲ್ಲಿದ್ದ ಮಾವಿನ ವಾಟೆ ಜಾರಿ ಶೀಕರಣಿಯೊಳಗೇ ಬಿತ್ತು. ಮದುವೆಯಾಗಿ ಕೇರಿಗೆ ಬಂದು ತಿಂಗಳೂ ತುಂಬದ ಹುಡುಗಿ. ಅಡುಗೆಯಾಕೆ ಒಳಗೆ ಹೋದದ್ದು ಕಂಡು, ಪಾಪ, ತಾನೇ ನಾಲ್ಕು ಹಣ್ಣು ಹಿಂಡಿಕೊಟ್ಟಿದ್ದಳು. ತೋಟದ ಕಾನೂನನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಕೇರಿಯವರು ಹಣ್ಣು ಕೀಳಬಹುದು, ಹೊರಬಹುದು, ತೊಳೆಯಲೂಬಹುದು. ಸಿಪ್ಪೆ ಇರುವ ತನಕ ಹಣ್ಣಿಗೆ ಮೈಲಿಗೆ ತಾಗದು. ಸಿಪ್ಪೆ ಹರಿಯಿತೋ, ಹಣ್ಣು ಸಾವ್ಕಾರರ ಕುಲ ಸೇರಿತು.

ಬೋಗಾಣಿ ತುಂಬ ಇದ್ದ ಶೀಕರಣಿ ಎಮ್ಮೆಗೆ ಹೋಯಿತು. ಎಮ್ಮೆ ಯಾರ ಕುಲವನ್ನೂ ವಿಚಾರಿಸದೆ ನೆಕ್ಕಿತು.

“ಇನ್ನೊಮ್ಮಿ ಮುಟ್ಟಿದ್ರ ಅತ್ತಿ-ಸೊಸಿ ಇಬ್ಬರೂ ನಾಳಿಂದ ಈ ಕಡೆ ಹಾಯಬ್ಯಾಡ್ರಿ.”

ಭಾಗ್ಯಾ ನೀರಿನ ತೊಟ್ಟಿಯ ಹತ್ತಿರ ಕುಳಿತು ಕೈ ತಿಕ್ಕಿದಳು. ಮತ್ತೆ ತಿಕ್ಕಿದಳು.

“ಅತ್ತಿ, ನನ್ನ ಕೈಯಾಗ ಏನ ಐತಿ?”

ಮರೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಲ್ಲದ ಹೊಟ್ಟೆಯನ್ನು ಮುಂದೆ ಮಾಡಿ, ಲಗಮಣ್ಣನ ಗೊಗ್ಗರು ದನಿ ತೆಗೆದಳು: “ಪ್ಲೇಗ ಐತಿ, ಪ್ಲೇಗ! ಎಮ್ಮಿ ಉಳಿತೈತೋ ಸಾಯ್ತೈತೋ ನೋಡ್ರಲೇ!”

ಆಳುಗಳೆಲ್ಲ ಬಿದ್ದು ಬಿದ್ದು ನಕ್ಕರು. ಭಾಗ್ಯಾ ನಗಲಿಲ್ಲ. ಕೈ ತಿಕ್ಕುತ್ತಲೇ ಇದ್ದಳು. ಮರೆವ್ವನ ಹೊಟ್ಟೆ ತಾನಾಗಿಯೇ ಒಳಗೆ ಹೋಯಿತು.

ಮಧ್ಯಾಹ್ನಕ್ಕೆ ಬೆಳಗಾವಿಯ ಅತಿಥಿಗಳು ಎರಡು ಗಾಡಿ ತುಂಬ ಬಂದರು. ನವಿಲುತೀರ್ಥದ ಅಣೆಕಟ್ಟಿನ ನೀರು ನೋಡಿ, ದುಡ್ಡು ಕೊಟ್ಟು ಈ ತೋಟದಲ್ಲಿ ಉಂಡು, ಮರದ ಕೆಳಗೆ ಮಲಗಿ ಹೋಗುವ ಮಂದಿ. ಲಗಮಣ್ಣ ಬಿಳಿ ಅಂಗಿ ತೊಟ್ಟು ಮೈಕು ಹಿಡಿದ. ದನಿಗೆ ಬೆಲ್ಲ ಸವರಿದ.

“ನಮ್ಮಲ್ಲಿ ಮಷೀನ ಇಲ್ರಿ, ಮಿಕ್ಸರ ಇಲ್ರಿ. ಎಲ್ಲಾ ನಮ್ಮ ಹಳ್ಳಿ ಮಂದಿ ಕೈಲೇ. ಜಾತಿ-ಗೀತಿ ಅನ್ನೂದು ಈ ತ್ವಾಟದಾಗ ಕಾಲ ಇಟ್ಟಿಲ್ರಿ!”

ಶೀತಲ್ ಎಂಬ ಹುಡುಗಿ ಫೋನು ಎತ್ತಿಕೊಂಡು ಮುಂದೆ ಬಂದಳು. “ಅಂಕಲ್, ಶೀಕರಣಿ ಹಿಂಡೋದು ವಿಡಿಯೋ ಬೇಕ್ರಿ. ಹಣ್ಣು ಕಿತ್ತವರೇ ಹಿಂಡಲಿ. ಅವ್ರೆಲ್ಲಿ?”

ಲಗಮಣ್ಣ ಅಡುಗೆಯಾಕೆಯ ಕಡೆ ಕೈ ತೋರಿಸಹೊರಟ.

“ಇಲ್ಲೇ ಅದೇವ್ರಿ, ಬಾಯಾರ!” ಮರೆವ್ವ ಮರದ ಬುಡದಿಂದ ಎದ್ದಳು. “ಸಾವ್ಕಾರ್ರಿಗೆ ನಮ್ಮ ಮ್ಯಾಲೆ ಭಾಳ ಮಾಯಾ. ಮುಂಜಾನೆ ನಮ್ಮ ಸೊಸಿ ಹಿಂಡಿದ್ದನ್ನ ಎಮ್ಮಿಗೂ ಕುಡಿಸ್ಯಾರ ನೋಡ್ರಿ!”

ಅತಿಥಿಗಳು ಚಪ್ಪಾಳೆ ತಟ್ಟಿದರು.

ತೊಳೆದ ಹಣ್ಣು, ಖಾಲಿ ಬೋಗಾಣಿ ಎದುರಿಗೇ ಇದ್ದವು. “ಬಾ ಭಾಗ್ಯಾ, ಕೈ ಹಾಕು,” ಎಂದಳು ಮರೆವ್ವ.

ಭಾಗ್ಯಾ ಕದಲಲಿಲ್ಲ. ಫೋನಿಗೆ ಕಾಣದ ಕಡೆಯಿಂದ ಲಗಮಣ್ಣ ಹಲ್ಲು ಕಿರಿಯುತ್ತಲೇ ಕಣ್ಣು ಕೆಂಪಗೆ ಮಾಡಿದ್ದ.

“ಕೆಲಸ ಹೋಗತೈತಿ ಅತ್ತಿ.”

“ಹೋಗಲಿ. ಕೈ ಇರತಾವಲ್ಲ.”

ಭಾಗ್ಯಾ ಕುಳಿತಳು. ಒಂದು ಹಣ್ಣು ಎತ್ತಿಕೊಂಡು ತಿರುವಿ ನೋಡಿದಳು. ಸಿಪ್ಪೆ ಹರಿದಳು. ಆಮೇಲೆ ಯಾರ ಮುಖವನ್ನೂ ನೋಡಲಿಲ್ಲ. ರಸ ಮೊಣಕೈ ತನಕ ಇಳಿಯಿತು. ಮರೆವ್ವ ಲಗಮಣ್ಣನ ಕೈಯಿಂದ ಮೈಕು ಮೆಲ್ಲಗೆ ಬಿಡಿಸಿಕೊಂಡು, ಅವನದೇ ದನಿಯಲ್ಲಿ, “ಮಷೀನ ಇಲ್ರಿ! ಮಿಕ್ಸರ ಇಲ್ರಿ!” ಎಂದಳು. ಅತಿಥಿಗಳು ಹೊಟ್ಟೆ ಹಿಡಿದುಕೊಂಡರು. ಲಗಮಣ್ಣನೂ ನಗಬೇಕಾಯಿತು.

ಪಂಗತಿ ಕೂತಿತು.

“ಫಸ್ಟ್ ಅಂಕಲ್‌ಗೆ!” ಎಂದಳು ಶೀತಲ್. ಫೋನುಗಳೆಲ್ಲ ಲಗಮಣ್ಣನ ಕಡೆ ತಿರುಗಿದವು. ಅಡುಗೆಮನೆಯ ಕಿಟಕಿಯಲ್ಲಿ ಅವನ ತಾಯಿ ಬಾಯಿಗೆ ಸೆರಗು ಒತ್ತಿ ನಿಂತಿದ್ದಳು.

ಅಡುಗೆಯಾಕೆ ಸವಟು ಚಾಚಿದಳು. ಭಾಗ್ಯಾ ಅದನ್ನು ಮುಟ್ಟಲಿಲ್ಲ. ಬೋಗಾಣಿಗೆ ಎರಡೂ ಕೈ ಇಳಿಸಿ, ಬೊಗಸೆ ತುಂಬ ಎತ್ತಿ ತಂದು, ಸಾವ್ಕಾರನ ಬಟ್ಟಲಿಗೆ ಸುರಿದಳು. ಬೆರಳಿಗಂಟಿದ್ದನ್ನೂ ಬಟ್ಟಲಿನ ಅಂಚಿಗೆ ಒರೆಸಿದಳು.

ಲಗಮಣ್ಣ ಹೋಳಿಗೆಯ ಚೂರು ಮುರಿದು ಅದ್ದಿದ. ಬಾಯಿಯ ತನಕ ತಂದ. ಕೈ ಅಲ್ಲೇ ನಿಂತಿತು. ಬಿಳಿ ಅಂಗಿಯ ಮೇಲೆ ಒಂದು ಹನಿ ಬಿತ್ತು, ಇನ್ನೊಂದು ಬಿತ್ತು.

“ತಡಾ ಮಾಡಬ್ಯಾಡ್ರಿ ಸಾವ್ಕಾರ್ರ,” ಎಂದಳು ಭಾಗ್ಯಾ. “ನೊಣಾ ಕುಂಡ್ರತಾವ.”