ತೆರೆಯದ ಲಾಕರ್

ಓರ್ಹುಸ್ ನಗರದ ಬಂದರಿನಲ್ಲಿ ಸ್ನಾನಕಟ್ಟೆಯ ಬಾಗಿಲ ಮೇಲೊಂದು ಪುಟ್ಟ ಪರದೆ. ಒಳಗೆ ನರಪಿಳ್ಳೆ ಇಲ್ಲದ ಹೊತ್ತಿನಲ್ಲೂ ಅದು ಹೇಳುತ್ತಿದ್ದದ್ದು ಒಂದೇ ಮಾತು: ಈಗ ನೀರಿನಲ್ಲಿ ಒಬ್ಬರು.

ಆ ಒಬ್ಬರು ಯಾರೆಂದು ಸಿಸೆಲ್‌ಗೆ ಗೊತ್ತಿತ್ತು. ಪರದೆಯ ಹಿಂದಿನ ತಂತ್ರಾಂಶ ಅವಳ ತಂಡದ್ದೇ. ಚಳಿಗಾಲದ ಸ್ನಾನಕ್ಕೆ ಬಂದವರು ಬಟ್ಟೆಯನ್ನು ಲಾಕರಿನಲ್ಲಿಟ್ಟು, ಕೈಪಟ್ಟಿ ತಾಗಿಸಿ ಬೀಗ ಹಾಕಿದರೆ ಒಬ್ಬರು ಸೇರುತ್ತಾರೆ; ಬೀಗ ತೆಗೆದರೆ ಒಬ್ಬರು ಕಳೆಯುತ್ತಾರೆ. ಹೋದ ಜನವರಿಯ ಒಂದು ಬೆಳಿಗ್ಗೆ ಟೋರ್ಕಿಲ್ ಬೀಗ ಹಾಕಿ ನೀರಿಗಿಳಿದ. ತೆಗೆಯಲು ಬರಲೇ ಇಲ್ಲ. ಮಧ್ಯಾಹ್ನದವರೆಗೆ ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಪೊಲೀಸರು ಲಾಕರನ್ನು ಮೀಟಿ ತೆಗೆದರು. ಮೀಟಿದ್ದು ತಂತ್ರಾಂಶಕ್ಕೇನು ಗೊತ್ತು? ಅದರ ಪಾಲಿಗೆ ಅವನಿನ್ನೂ ಈಜುತ್ತಲೇ ಇದ್ದ. ಸ್ನಾನದ ಸಂಘದ ಮುದುಕಿಯರಂತೂ ಪರದೆಗೆ "ಏನಪ್ಪಾ ಟೋರ್ಕಿಲ್, ಚೆನ್ನಾಗಿದೀಯಾ" ಎಂದು ಹೇಳಿಯೇ ಒಳಗೆ ಹೋಗುತ್ತಿದ್ದರು.

ಟೋರ್ಕಿಲ್ ಸಿಸೆಲ್ ತಂಡದ ಹಳೆಯ ಹುಲಿ. ಸೋಮವಾರ ಬಂತೆಂದರೆ ಗಸಗಸೆ ಬನ್ನು ತರುವವನು. ಮುಂದೆ ಯಾವ ಕೆಲಸ ಮೊದಲು ಎಂದು ಆರಿಸಲು ತಂಡದವರು ಗೋಡೆಗೆ ಚೀಟಿಗಳನ್ನು ಅಂಟಿಸಿ, ಓಟಿಗೆಂದು ತಲೆಗೆ ಮೂರರಂತೆ ಕೆಂಪು ಚುಕ್ಕೆ ಹಂಚುತ್ತಿದ್ದರು. ಟೋರ್ಕಿಲ್‌ನ ಚೀಟಿ ಪ್ರತಿ ಸಲವೂ ಅದೇ: ಒಂದು ಗಂಟೆಯಾದರೂ ಬೀಗ ತೆಗೆಯದಿದ್ದರೆ ಅವರ ಆಪ್ತರಿಗೆ ಫೋನು ಹೋಗಬೇಕು. ಆಪ್ತರ ಹೆಸರು ಬರೆಯುವ ಜಾಗವನ್ನು ಅವನಾಗಲೇ ಮಾಡಿಟ್ಟಿದ್ದ. ಫೋನು ಹೋಗುವುದಷ್ಟೇ ಬಾಕಿ. ತನ್ನ ಮೂರೂ ಚುಕ್ಕೆ ಅದರ ಮೇಲೇ ಒತ್ತುತ್ತಿದ್ದ. ಬೇರೆಯವರದು ಒಂದೂ ಬೀಳುತ್ತಿರಲಿಲ್ಲ.

"ನಿನ್ ಚೀಟಿಗೆ ನೀನೇ ಓಟು ಹಾಕ್ಕೋತೀಯಲ್ಲೋ, ನಾಚಿಕೆ ಆಗಲ್ವಾ?" ಎಂದು ಸಿಸೆಲ್ ಒಮ್ಮೆ ಕಾಲೆಳೆದಿದ್ದಳು.

"ನಾನು ಮುಳುಗಿದ್ಮೇಲೆ ನೀನು ಹಾಕುವಂತೆ, ಬಿಡೇ," ಎಂದು ಅವನು ಬನ್ನಿಗೆ ಬೆಣ್ಣೆ ಬಳಿದಿದ್ದ.

ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ಕೊನೆಯ ತೀರ್ಮಾನ ಅವಳದೇ ಆದ್ದರಿಂದ ಆ ಚೀಟಿಯನ್ನು ಅವಳೇ ಕೈಯಾರೆ ಗೋಡೆಯ ತಳಕ್ಕೆ ಇಳಿಸಿದ್ದಳು. ಅದಕ್ಕಿಂತ ಮೇಲೆ ಇದ್ದದ್ದೇನು ಗೊತ್ತೇ? ಸೌನಾ, ಅಂದರೆ ಹಬೆಕೋಣೆ, ಕಾದಿರಿಸುವ ಪುಟಕ್ಕೆ ಹೊಸ ಬಣ್ಣ. ಆ ಬಣ್ಣ ನೆನಪಾದಾಗಲೆಲ್ಲ ಅವಳಿಗೆ ಊಟ ಸೇರುತ್ತಿರಲಿಲ್ಲ.

ಈಗ ಮತ್ತೆ ಚಳಿಗಾಲದ ಸ್ನಾನದ ಋತು ಶುರುವಾಗುವುದರಲ್ಲಿತ್ತು. ಸೋಮವಾರದ ಸಭೆ ಸೇರಿತು. ಬನ್ನು ತರುವವರು ಯಾರೂ ಇರಲಿಲ್ಲ.

"ಸಂಘದೋರು ಬಾಯಿ ಬಡ್ಕೋತಿದಾರೆ," ಎಂದ ಕಂಪನಿಯ ಯಜಮಾನ ಬಿಯಾರ್ಕೆ. "ಹೊಸಬರು ಪರದೆ ನೋಡಿ ಹೆದರ್ಕೊಂಡು ವಾಪಸ್ ಹೋಗ್ತಿದಾರಂತೆ. ಮೊದಲು ಅವನ ಹೆಸರು ಅಳಿಸೋಣ, ಅರ್ಧ ದಿನದ ಕೆಲಸ. ಆಮೇಲೆ ಕುಟುಂಬದ ಪಾಸು. ಆ ಫೋನಿಂದು ವಸಂತಕ್ಕೆ ನೋಡಿದ್ರಾಯ್ತು."

ಉಳಿದವರ ಚುಕ್ಕೆಗಳೆಲ್ಲ ಅಳಿಸುವ ಚೀಟಿಯ ಮೇಲೆ ಬಿದ್ದವು. ಸಿಸೆಲ್ ಎದ್ದು ತನ್ನ ಮೂರನ್ನೂ ಟೋರ್ಕಿಲ್‌ನ ಚೀಟಿಗೆ ಒತ್ತಿದಳು. ಅದನ್ನು ಕಿತ್ತು ಎಲ್ಲಕ್ಕಿಂತ ಮೇಲೆ ಅಂಟಿಸಿದಳು. ಅಳಿಸುವ ಚೀಟಿಯನ್ನು ತಳಕ್ಕೆ ಇಳಿಸಿದಳು.

"ಇದರಿಂದ ಸತ್ತೋನು ಎದ್ದು ಬರ್ತಾನೇನೇ?" ಎಂದ ಬಿಯಾರ್ಕೆ, ಮೆಲ್ಲಗೆ.

"ಬರಲ್ಲ. ಕೊನೆ ಮಾತು ನಂದು ಅಂತ ಕೊಟ್ಟೋನು ನೀನೇ. ಬೇಡ ಅನ್ನಿಸಿದ್ರೆ ನನ್ ಜಾಗಕ್ಕೆ ಇವತ್ತೇ ಬೇರೆಯೋರನ್ನ ನೋಡ್ಕೋ."

ಬಿಯಾರ್ಕೆ ಚೀಟಿಗಳನ್ನು ಹಾಗೇ ಇರಲು ಬಿಟ್ಟ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಹಾಗಂತ ಬಾಗಿಲು ತೆರೆದೇ ಇಟ್ಟುಕೊಂಡು ಕೂರಲಾದೀತೇ?

ಕೆಲಸ ಮುಗಿಯಿತು. ಸುಳ್ಳು ಹೆಸರುಗಳನ್ನು ಹಾಕಿ ಪರೀಕ್ಷೆಯೂ ಆಯಿತು. ಋತುವಿನ ಮೊದಲ ಬೆಳಿಗ್ಗೆ ಸಿಸೆಲ್ ಮತ್ತು ಬಿಯಾರ್ಕೆ ಸ್ನಾನಕಟ್ಟೆಗೇ ಹೋಗಿ, ಲ್ಯಾಪ್‌ಟಾಪನ್ನು ಬೆಂಚಿನ ಮೇಲಿಟ್ಟು, ನಿಜವಾದ ಹೆಸರುಗಳ ಮೇಲೆ ಅದನ್ನು ಚಾಲೂ ಮಾಡಿದರು.

ಸಿಸೆಲ್‌ಳ ಕೋಟಿನ ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಟೋರ್ಕಿಲ್ ಇನ್ನೂ ನೀರಿನಿಂದ ಬಂದಿಲ್ಲ," ಎಂದಿತು ಯಂತ್ರದ ದನಿ. "ತಮ್ಮ ಆಪ್ತರೆಂದು ಅವರು ನಿಮ್ಮ ಹೆಸರು ಕೊಟ್ಟಿದ್ದಾರೆ. ದಯವಿಟ್ಟು ಹೋಗಿ ನೋಡಿ. ಬಂದಿದ್ದರೆ ಒಂದು ಒತ್ತಿ. ಬಂದಿಲ್ಲದಿದ್ದರೆ ಎರಡು ಒತ್ತಿ."

ಯಾವುದು ಮೊದಲು, ಯಾವುದು ಆಮೇಲೆ ಎಂದು ವರ್ಷಗಟ್ಟಲೆ ಲೆಕ್ಕ ಹಾಕಿದವಳಿಗೆ ಟೋರ್ಕಿಲ್‌ನ ಹೆಸರು ಅಳಿಸದೆ ಚಾಲೂ ಮಾಡಿದರೆ ಮೊದಲ ಕರೆ ಅವನದೇ ಎಂಬುದು ಹೊಳೆದಿರಲಿಲ್ಲ. ಅವಳ ಹೆಸರು ಕೊಟ್ಟಿದ್ದೇನೆಂದು ಅವನು ಒಂದು ದಿನವೂ ಬಾಯಿಬಿಟ್ಟಿರಲಿಲ್ಲ.

"ಒಂದು ಒತ್ತಿಬಿಡೇ, ನಿಂತೋಗುತ್ತೆ," ಎಂದ ಬಿಯಾರ್ಕೆ.

ಅವಳು ಎರಡು ಒತ್ತಿದಳು. ಹತ್ತು ನಿಮಿಷದಲ್ಲಿ ಮತ್ತೆ ಕರೆಯುತ್ತೇವೆ ಎಂದಿತು ದನಿ.

"ಇಲ್ಲೇ ಅಳಿಸಿಬಿಡ್ಲಾ?"

"ಬೇಡ ಕಣೋ. ಅವನು ಕೇಳಿದ್ದಿಷ್ಟೇ ಅಲ್ವಾ, ಯಾರಾದ್ರೂ ಬಂದು ನೋಡ್ಲಿ ಅಂತ."

ಅವಳು ನೀರಿನಂಚಿನ ಕಟಕಟೆಯ ಬಳಿ ಹೋಗಿ ನಿಂತು, ಬೂದು ನೀರನ್ನು ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದಳು. ಅಳು ಬಂತು, ಅತ್ತಳು. ಮತ್ತೆ ಮೊದಲಿಂದ ನೋಡಿದಳು. ಹತ್ತು ನಿಮಿಷಕ್ಕೆ ಫೋನು ಬಡಿದುಕೊಂಡಿತು. ಅವಳು ಎರಡನ್ನೇ ಒತ್ತಿದಳು.